ಹೊಸ್ತಿಲಾಚೆಯ ಉಸಿರು

(ವಿಮಾ ಕಂಪನಿಯ ಕಚೇರಿ. ನಿವೃತ್ತ ಮೇಷ್ಟ್ರು ಬಿಲ್ಲಿನ ಕಂತೆ ಬಿಚ್ಚುತ್ತಾರೆ. ಎದುರಿಗೊಂದು ಕಂಪ್ಯೂಟರ್, ಅದರ ಹಿಂದೆಲ್ಲೋ ಒಬ್ಬ ತರುಣ. ಒಳ್ಳೇ ಹುಡುಗನೇ, ನಿಯಮ ಅವನು ಮಾಡಿದ್ದಲ್ಲ.)

ಮೇಷ್ಟ್ರು: ಆಸ್ಪತ್ರೇಲಿ ಕೊಟ್ಟ ಆಕ್ಸಿಜನ್ನಿಗೆ ದುಡ್ಡು ಬಂತಪ್ಪ. ಮನೇಲಿಟ್ಟ ಸಿಲಿಂಡರಿಗೆ ಯಾಕೆ ಬರ್ಲಿಲ್ಲ?

ತರುಣ: ಅದು ಆಸ್ಪತ್ರೆ ಹೊರಗಿನ ಉಸಿರು, ಸಾರ್.

ಮೇಷ್ಟ್ರು: ಮೂಗು ಅದೇ ಅಲ್ವೇನಪ್ಪ?

ತರುಣ: ಮೂಗಿಗೆ ಪಾಲಿಸಿ ಇದೆ ಸಾರ್. ಹೊಸ್ತಿಲು ದಾಟಿದ ಸಿಲಿಂಡರಿಗಿಲ್ಲ. ನೋಡಿ, ವಿಮಾ ನಿಯಂತ್ರಕ ಐಆರ್‌ಡಿಎಐ ಪಟ್ಟಿ, ದುಡ್ಡು ಸಿಗದ 68 ಐಟಂ. ನೆಬ್ಯುಲೈಸರ್ ಕಿಟ್, ಸ್ಟೀಮ್ ಇನ್‌ಹೇಲರ್, ಏರ್ ಬೆಡ್...

ಮೇಷ್ಟ್ರು: (ಕನ್ನಡಕ ಏರಿಸಿ) ಇದೇನಿದು, ಸಿಲಿಂಡರ್ ಇರೋ ಪಟ್ಟೀಲೇ ಬ್ಯೂಟಿ ಸರ್ವಿಸು, ಲಾಂಡ್ರಿ, ಕ್ಯಾರಿ ಬ್ಯಾಗು! ನಾನೇನು ಅಲಂಕಾರಕ್ಕೆ ಮೂಗಿಗೆ ನಳಿಕೆ ಸಿಗಿಸ್ಕೊಂಡಿದ್ನಾ?

ತರುಣ: ಜಾಸ್ತಿ ಪ್ರೀಮಿಯಂ ಕಟ್ಟಿ ರೈಡರ್ ತಗೊಂಡ್ರೆ ಇದ್ರಲ್ಲಿ ಕೆಲವು ಸಿಗ್ತವೆ. ನೀವು ತಗೊಂಡಿಲ್ಲ.

ಮೇಷ್ಟ್ರು: ಮನೇಲಿ ಚಿಕಿತ್ಸೆ ಪಡೆದ್ರೂ ಕೊಡ್ತೀವಿ ಅಂದಿದ್ರಲ್ಲ ಏಜೆಂಟು?

ತರುಣ: ಡೊಮಿಸಿಲಿಯರಿ! ಖಂಡಿತ ಇದೆ ಸಾರ್. ಚಿಕಿತ್ಸೆ ಮೂರು ದಿನ ಮೀರಬೇಕು. ರೋಗೀನ ಆಸ್ಪತ್ರೆಗೆ ಸಾಗಿಸೋಕೇ ಆಗ್ಬಾರ್ದು, ಇಲ್ಲಾ ಅಲ್ಲಿ ಬೆಡ್ ಸಿಗ್ಬಾರ್ದು. ನಿಮ್ಮ ಕಾಯಿಲೆ?

ಮೇಷ್ಟ್ರು: ಆಸ್ತಮಾ.

ತರುಣ: (ಹುಡುಕಿದ್ದು ಸಿಕ್ಕ ಸಂತೋಷದಲ್ಲಿ) ಹಾಂ! ನಿಮ್ಮ ಪಾಲಿಸೀಲಿ ಆಸ್ತಮಾ ಆ ಕವರಿನಿಂದ ಹೊರಗೆ. ಅಲ್ದೆ ಸಾರ್, ನೀವು ಇಲ್ಲಿಗೆ ನಡ್ಕೊಂಡೇ ಬಂದ್ರಿ.

ಮೇಷ್ಟ್ರು: ಊರುಗೋಲು ಹಿಡ್ಕೊಂಡು.

ತರುಣ: ಅದೂ ಪಟ್ಟೀಲಿದೆ ಸಾರ್.