ಕೊನೆಯ ದೃಶ್ಯ ಬರೆದಿಟ್ಟುಕೊಂಡ ಗೇಮ್ ಮಾಸ್ಟರ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮತ್ತು ಅದರ ಬಳಗದ ಆಟಗಳಲ್ಲಿ ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು ತಲಾ ಒಂದು ಪಾತ್ರ ವಹಿಸುತ್ತಾರೆ. ಉಳಿದ ಲೋಕವನ್ನೆಲ್ಲ, ಅಂದರೆ ರಾಜ, ರಾಕ್ಷಸ, ಮಳೆ, ಛತ್ರದ ಯಜಮಾನ ಎಲ್ಲವನ್ನೂ, ಒಬ್ಬನೇ ನಡೆಸುತ್ತಾನೆ. ಅವನು ಗೇಮ್ ಮಾಸ್ಟರ್. ಇವರಲ್ಲಿ ಹಲವು ಬಗೆಯವರಿದ್ದಾರೆ. ಹೆಚ್ಚಾಗಿ ಕಣ್ಣಿಗೆ ಬೀಳುವವನು ಮೊದಲ ದಾಳ ಉರುಳುವ ಮುಂಚೆಯೇ ಕೊನೆಯ ದೃಶ್ಯ ಬರೆದು ಮುಗಿಸಿರುವವನು.

ಇವನನ್ನು ಗುರುತಿಸಲು ಅವನ ನೋಟ್‌ಬುಕ್ ಸಾಕು. ಅದರಲ್ಲಿ ರಾಜವಂಶದ ಹನ್ನೆರಡು ತಲೆಮಾರು, ಎರಡು ಹಳೆಯ ಯುದ್ಧಗಳ ಕಾರಣ, ಸಾಯುವ ಮುನ್ನ ಖಳನಾಯಕ ಆಡಬೇಕಾದ ಒಂದೂವರೆ ಪುಟದ ಮಾತು ಇರುತ್ತವೆ. ಆಟಗಾರರು ಏನು ಮಾಡಬಹುದು ಎಂಬುದಕ್ಕೆ ಮಾರ್ಜಿನ್ ಬಿಟ್ಟಿರುತ್ತಾನೆ. ಖಳನಾಯಕನ ಮಾತು ಎರಡನೇ ವಾಕ್ಯ ದಾಟಿದ ದಾಖಲೆ ಎಲ್ಲೂ ಇಲ್ಲ. ಅಷ್ಟರಲ್ಲಿ ಯಾರಾದರೂ ಬಾಣ ಬಿಟ್ಟಿರುತ್ತಾರೆ.

ಅವನ ಕಷ್ಟ ಸಾಮಾನ್ಯವಾಗಿ ಛತ್ರದಲ್ಲಿ ಶುರುವಾಗುತ್ತದೆ. ಉತ್ತರದ ಬೆಟ್ಟದಲ್ಲಿ ರಾಜಕುಮಾರಿ ಸೆರೆಯಲ್ಲಿದ್ದಾಳೆ ಎಂಬ ಸುದ್ದಿಯನ್ನು ಮುದುಕನೊಬ್ಬ ನಡುಗುವ ದನಿಯಲ್ಲಿ ಹೇಳುತ್ತಾನೆ. ಆಟಗಾರರು ತಲೆಯಾಡಿಸಿ, ಸಾರು ತಂದಿಟ್ಟ ಹುಡುಗನ ಹೆಸರೇನು ಎಂದು ಕೇಳುತ್ತಾರೆ. ನೋಟ್‌ಬುಕ್ಕಿನಲ್ಲಿ ಹುಡುಗನಿಗೆ ಹೆಸರಿಲ್ಲ. ಗೇಮ್ ಮಾಸ್ಟರ್ ತಡವರಿಸಿ ‘ಬಾಬ್’ ಎನ್ನುತ್ತಾನೆ. ಮುಂದಿನ ಮೂರು ಗಂಟೆ ಬಾಬ್‌ನ ಸಂಬಳ, ಬಾಬ್‌ನ ಸಾಲ, ಅವನಿಗೆ ಅನ್ಯಾಯ ಮಾಡಿದ ಯಜಮಾನನ ಮೇಲೆ ಸೇಡು. ರಾಜಕುಮಾರಿ ಬೆಟ್ಟದಲ್ಲೇ ಉಳಿಯುತ್ತಾಳೆ. ತಿಂಗಳುಗಳ ನಂತರ ಎಲ್ಲರಿಗೂ ನೆನಪಿರುವುದು ಬಾಬ್ ಒಬ್ಬನೇ.

ಕಥೆಯನ್ನು ಹಳಿಗೆ ತರಲು ಅವನ ಬಳಿ ಉಪಾಯಗಳು ಬಹಳ. ದಕ್ಷಿಣದ ದಾರಿಯಲ್ಲಿ ಇದ್ದಕ್ಕಿದ್ದಂತೆ ಹಿಮ ಕುಸಿಯುತ್ತದೆ. ಬಡ ಹಳ್ಳಿಯೊಂದರ ಕಾವಲುಗಾರರು ಇಡೀ ಸಾಮ್ರಾಜ್ಯವನ್ನೇ ಮಣಿಸಬಲ್ಲ ಪರಾಕ್ರಮಿಗಳೆಂದು ತಿಳಿದುಬರುತ್ತದೆ. ನಾಲ್ವರಿಗೂ ಒಂದೇ ರಾತ್ರಿ ಒಂದೇ ಕನಸು ಬಿದ್ದು, ದೇವತೆ ಬಂದು ಉತ್ತರಕ್ಕೆ ಬೆರಳು ತೋರಿಸುತ್ತಾಳೆ. ಇದಕ್ಕೆಲ್ಲ ಆಟದವರು ರೈಲ್‌ರೋಡಿಂಗ್ ಎನ್ನುತ್ತಾರೆ. ಇನ್ನೂ ನಯವಾದದ್ದು ‘ಕ್ವಾಂಟಮ್ ಓಗರ್’: ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಅದೇ ರಾಕ್ಷಸ ಎದುರಾಗುತ್ತಾನೆ, ಆಯ್ಕೆ ತಮ್ಮದೇ ಎಂದು ಆಟಗಾರರು ಹಿಗ್ಗುತ್ತಾರೆ. ಕೊನೆಯ ಆಸರೆ ಎದುರಿಗೆ ನಿಲ್ಲಿಸಿಕೊಂಡ ರಟ್ಟಿನ ಪರದೆ. ಅದರ ಹಿಂದೆ ಬಿದ್ದ ದಾಳದ ಲೆಕ್ಕ ಅವನಿಗೂ ದೇವರಿಗೂ ಬಿಟ್ಟರೆ ಇನ್ನಾರಿಗೂ ತಿಳಿಯದು. ಖಳನಾಯಕ ಪ್ರತಿ ಸಲ ಕೂದಲೆಳೆಯಲ್ಲಿ ಪಾರಾಗುವುದು ಹೀಗೆ.

ವಿಚಿತ್ರವೆಂದರೆ ಈ ಆಟಗಳು ಹುಟ್ಟಿದ್ದೇ ಯೋಜನೆಯೊಂದು ಕೆಟ್ಟು ಹೋದದ್ದರಿಂದ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವನು ನೆಪೋಲಿಯನ್ ಕಾಲದ ಯುದ್ಧದಾಟವೊಂದನ್ನು ಏರ್ಪಡಿಸಿದ. ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಊರು. ಸೇನಾಧಿಕಾರಿಗಳ ಜೊತೆಗೆ ಊರಿನ ಮೇಯರ್ ಮುಂತಾದವರ ಪಾತ್ರವನ್ನೂ ಒಬ್ಬೊಬ್ಬರಿಗೆ ಹಂಚಿದ. ಸೇನೆಗಳು ಮುಖಾಮುಖಿಯಾಗುವ ಮೊದಲೇ ಜನ ಮೂಲೆಗಳಲ್ಲಿ ಗುಂಪುಗೂಡಿ ಪಿಸುಗುಟ್ಟತೊಡಗಿದರು. ಇಬ್ಬರು ದ್ವಂದ್ವಯುದ್ಧಕ್ಕೇ ಇಳಿದರು. ಅದಕ್ಕೆ ವೆಸ್ಲಿ ನಿಯಮವನ್ನೇ ಮಾಡಿರಲಿಲ್ಲ. ಆಟ ಹಾಳಾಯಿತೆಂದು ಅವನು ಕೈಚೆಲ್ಲಿದ. ಆಡಿದವರು ಮಾತ್ರ ಇನ್ನೊಮ್ಮೆ ಯಾವಾಗ ಎಂದು ದುಂಬಾಲು ಬಿದ್ದರು. ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ.

ಕಥೆ ಬರೆದಿಡುವವರಿಗೆ ಅಧಿಕೃತ ಬೆಂಬಲ ಸಿಕ್ಕಿದ್ದು ಹತ್ತು ವರ್ಷದ ನಂತರ. 1984ರಲ್ಲಿ ಅದೇ ಆಟಕ್ಕಾಗಿ ಶುರುವಾದ ಡ್ರ್ಯಾಗನ್‌ಲ್ಯಾನ್ಸ್ ಸಾಹಸಮಾಲೆಯಲ್ಲಿ ವೀರರೂ ಸಿದ್ಧ, ಅವರು ಸಾಗಬೇಕಾದ ಮಹಾಕಥೆಯೂ ಸಿದ್ಧ. ಮುಂದಿನ ಕಂತಿಗೆ ಬೇಕಾದ ಪಾತ್ರ ನಡುವೆ ಸತ್ತರೆ? ಹೆಣ ಯಾರಿಗೂ ಸಿಗದಂತೆ ಸಾಯಿಸಿ ಎಂದು ಅದರಲ್ಲೇ ಸೂಚನೆಯಿತ್ತು, ಮುಂದೆ ಬೇಕಾದಾಗ ಎಬ್ಬಿಸಿಕೊಳ್ಳಬಹುದಲ್ಲ. ಅದೇ ವರ್ಷ ಆ ಕಥೆ ಕಾದಂಬರಿಯಾಗಿಯೂ ಬರತೊಡಗಿತು. ಕಾದಂಬರಿಯಲ್ಲಿ ಬಾಬ್‌ನ ಹೆಸರು ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಅಲ್ಲಿ ಅದು ಸುಗಮವಾಗಿ ಸಾಗಿತು.

ತಾಳಮದ್ದಳೆ ಕಂಡವರಿಗೆ ಈ ತಕರಾರು ಹೊಸದೆನಿಸದು. ಕರ್ಣನ ಅರ್ಥಧಾರಿ ವಾದದಲ್ಲಿ ಕೃಷ್ಣನನ್ನೇ ಕಟ್ಟಿಹಾಕಬಹುದು, ಆದರೆ ಪ್ರಸಂಗದ ಪ್ರಕಾರ ಸಾಯಲೇಬೇಕು. ಗೇಮ್ ಮಾಸ್ಟರಿನ ದುರದೃಷ್ಟವೆಂದರೆ ಅವನ ಕರ್ಣ, ರಥದ ಚಕ್ರ ಹೂತ ಕೂಡಲೇ ಕೃಷ್ಣನ ಕುದುರೆಗಳನ್ನು ಕೊಳ್ಳಲು ಚೌಕಾಸಿ ಆರಂಭಿಸುತ್ತಾನೆ.

ಇದಕ್ಕೆ ತೀರಾ ವಿರುದ್ಧ ಬಗೆಯವನೂ ಉಂಟು. ಅವನು ಸ್ಯಾಂಡ್‌ಬಾಕ್ಸ್ ಪಂಥದವನು. ದೊಡ್ಡ ನಕಾಶೆಯೊಂದನ್ನು ಹಾಸಿ, ‘ನೀವು ಎಲ್ಲಿಗೆ ಬೇಕಾದರೂ ಹೋಗಬಹುದು’ ಎಂದು ಕೈಕಟ್ಟಿ ಕೂರುತ್ತಾನೆ. ಆಟಗಾರರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಚಿಪ್ಸ್ ಖಾಲಿಯಾಗುತ್ತದೆ. ಉಪೇಕ್ಷಿಸಲು ಒಬ್ಬ ರಾಜಕುಮಾರಿಯಾದರೂ ಇಲ್ಲದಿದ್ದರೆ ಬಾಬ್ ಕಡೆಗೂ ಯಾರೂ ತಿರುಗುವುದಿಲ್ಲ. ಇದನ್ನು ಮೊದಲನೆಯವನ ಪರವಾಗಿ ಹೇಳಲೇಬೇಕು.

ನಡುದಾರಿಯನ್ನು ಬಲ್ಲವರು ತೋರಿಸಿದ್ದಾರೆ. ಈ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಹೇಳುವುದು: ಕಥೆ ಹೆಣೆಯಬೇಡಿ, ಸನ್ನಿವೇಶ ಸಜ್ಜುಮಾಡಿ. ಅಂದರೆ ರಾಜಕುಮಾರಿಯನ್ನು ಯಾರು, ಯಾಕೆ ಒಯ್ದರು, ಯಾರೂ ತಡೆಯದಿದ್ದರೆ ಮುಂದೇನು ಮಾಡುತ್ತಾರೆ ಎಂಬಷ್ಟು ಸಾಕು. ಬಿಡಿಸುವ ಬಗೆ ಆಟಗಾರರ ತಲೆನೋವು. ಅವರು ತಿಳಿಯಲೇಬೇಕಾದ ಪ್ರತಿ ಸಂಗತಿಗೂ ಕನಿಷ್ಠ ಮೂರು ಸುಳಿವು ಇಡಬೇಕೆಂಬುದು ಅವನದೇ ನಿಯಮ. ವಿನ್ಸೆಂಟ್ ಬೇಕರ್ ತಾನು ರೂಪಿಸಿದ 2010ರ ಅಪೊಕ್ಯಾಲಿಪ್ಸ್ ವರ್ಲ್ಡ್ ಆಟದಲ್ಲಿ ಮುಂದೇನಾಗುತ್ತದೆ ಎಂದು ತಿಳಿಯಲೆಂದೇ ಆಡಬೇಕು ಎನ್ನುತ್ತಾನೆ. ನಮ್ಮವನು ಇದನ್ನೆಲ್ಲ ಓದಿರುತ್ತಾನೆ, ಮೆಚ್ಚಿರುತ್ತಾನೆ, ಗೆಳೆಯರಿಗೂ ಓದಲು ಹೇಳಿರುತ್ತಾನೆ. ಸುಳಿವುಗಳನ್ನು ಮೂರುಪಟ್ಟು ಮಾಡಿದ್ದರಿಂದ ಅವನ ನೋಟ್‌ಬುಕ್ಕೂ ಮೂರುಪಟ್ಟು ದಪ್ಪವಾಗಿರುತ್ತದೆ.

ಅಪರೂಪಕ್ಕೆ ಇವನೂ ಇನ್ನೊಬ್ಬರ ಮೇಜಿನಲ್ಲಿ ಆಟಗಾರನಾಗಿ ಕೂರುವುದುಂಟು. ಎದುರಿನವನು ವಾರಗಟ್ಟಲೆ ತಯಾರಿ ಮಾಡಿಕೊಂಡು ಬಂದು, ಪಾಳುಬಿದ್ದ ಗುಡಿಯಲ್ಲಿ ನೀಲಿ ಬೆಳಕು ಕಾಣುತ್ತಿದೆ ಎಂದು ದನಿ ತಗ್ಗಿಸಿ ಹೇಳುತ್ತಾನೆ. ಮೇಜಿನಲ್ಲಿ ಮೊದಲು ಕೈಯೆತ್ತುವವನು ಇವನೇ. ಹತ್ತಿರದ ಬಂದರಿನಲ್ಲಿ ದೋಣಿಯ ಬೆಲೆ ಎಷ್ಟಾಗುತ್ತದೆ ಎಂಬುದು ಅವನ ಪ್ರಶ್ನೆ.