ಬಾಡಿಗೆ ಕಾರಿನ ಸುಂಕಮೀಮಾಂಸೆ

ಕರ್ತೃ ಯಾರು, ಭೋಕ್ತೃ ಯಾರು ಎಂಬ ಜಗಳ ಶಾಸ್ತ್ರಗಳಷ್ಟೇ ಹಳೆಯದು. ಮಾಡಿದವನೊಬ್ಬ, ಉಂಡವನು ಇನ್ನೊಬ್ಬ ಆಗುವುದು ಹೇಗೆ ಎಂದು ತಾರ್ಕಿಕರು ತಲೆಮಾರುಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಅವರಿಗೆಲ್ಲ ಒಂದು ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ಕೊಡಿಸಿ ಬೆಂಗಳೂರಿನಿಂದ ಮೈಸೂರಿಗೆ ಕಳಿಸಿದ್ದರೆ ಗ್ರಂಥಗಳ ಗಾತ್ರ ಅರ್ಧಕ್ಕರ್ಧ ಇಳಿಯುತ್ತಿತ್ತು. ಕಣಿಮಿಣಿಕೆಯ ಟೋಲ್ ಗೇಟಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತವನು ಒಬ್ಬ. ಗಾಜಿಗೆ ಅಂಟಿದ ಫಾಸ್ಟ್ಯಾಗ್ ಯಾರ ಹೆಸರಿನಲ್ಲಿದೆಯೋ ಅವನು ಬೇರೆ. ದುಡ್ಡು ಕಡಿತವಾಯಿತೆಂಬ ಮೆಸೇಜು ಹೋಗಿ ಬೀಳುವ ಮೊಬೈಲು, ಮೊದಲನೆಯವನು ಕಂಡು ಕೇಳರಿಯದ ಯಾವುದೋ ಆಫೀಸಿನ ಮೇಜಿನ ಮೇಲಿದೆ. ಇಂಥ ದೃಷ್ಟಾಂತ ಕೈಯಳತೆಯಲ್ಲಿರುವಾಗ ಹಗ್ಗ, ಹಾವು, ಗಡಿಗೆ, ಕುಂಬಾರ ಎಂದು ಪರದಾಡಿದ ಪೂರ್ವಾಚಾರ್ಯರ ಬಗ್ಗೆ ಮರುಕವಾಗುತ್ತದೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಮನೆಯಲ್ಲಿ ಕಾರಿಲ್ಲದ, ಕಿಸೆಯಲ್ಲಿ ಲೈಸೆನ್ಸಿರುವ, ಅಕ್ಕನ ಮಗನ ಚೌಲಕ್ಕೆ ನಂಜನಗೂಡಿಗೆ ಹೋಗಲೇಬೇಕಾದ, ಕಟ್ಟಿದ ಡಿಪಾಸಿಟ್ಟು ಪೂರ್ತಿ ವಾಪಸು ಬರುತ್ತದೆಂದು ನಂಬಿರುವ ಶ್ರದ್ಧಾವಂತ. ಸ್ವಂತ ಕಾರಿನವರು ಮುಂದೆ ಓದಬಹುದು, ಆದರೆ ಫಲವಿಲ್ಲ.

ಪ್ರಮಾಣಗ್ರಂಥವಿಲ್ಲದೆ ಮೀಮಾಂಸೆ ನಡೆಯದು. ನಮ್ಮ ಅದೃಷ್ಟಕ್ಕೆ ಆ ಗ್ರಂಥ ಇದೇ ರಸ್ತೆಯ ತುದಿಯಲ್ಲಿ ದೊರಕಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು. ಮೈಸೂರನ್ನು ಎಕ್ಸ್‌ಪ್ರೆಸ್‌ವೇ ಹಿಡಿದು ಮುಟ್ಟಬೇಕೆನ್ನುವ ಸಂಶೋಧಕ ಇಂದು ಬಿಡದಿಗೆ ಮೊದಲೊಮ್ಮೆ, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಇನ್ನೊಮ್ಮೆ ಸುಂಕ ತೆತ್ತೇ ಹೋಗಬೇಕು. ಗ್ರಂಥಕರ್ತನ ಆತ್ಮಕ್ಕೆ ಇದಕ್ಕಿಂತ ದೊಡ್ಡ ತರ್ಪಣ ಬೇಕೆ?

ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವಿದೆ. ಮುದ್ರೆಯಿಲ್ಲದ ಸರಕು ತಂದವನು ಸುಂಕದ ಎರಡರಷ್ಟು ತೆರಬೇಕು. ಮುದ್ರೆ ಖೋಟಾ ಆಗಿದ್ದರೆ ಎಂಟರಷ್ಟು ದಂಡ. ಮುದ್ರೆ ಒಡೆದಿದ್ದರೆ ಆಸಾಮಿಯನ್ನು ಅಲ್ಲೇ ನಿಲ್ಲಿಸಿ ಕಾಯಿಸುವುದು. ಇನ್ನು ದಾರಿಸುಂಕ ಬೇರೆ. ಅದನ್ನು ಗಡಿ ಕಾಯುವ ಅಂತಪಾಲ ವಸೂಲು ಮಾಡಬೇಕು, ಸರಕಿನ ಗಾಡಿಗೆ ಒಂದೂಕಾಲು ಪಣದಂತೆ. ಈಗ ನಮ್ಮ ಕಾಲಕ್ಕೆ ಬನ್ನಿ. 2021ರ ಫೆಬ್ರುವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಇಲ್ಲದ ಗಾಡಿಗೆ ಎರಡರಷ್ಟು. 2025ರ ನವೆಂಬರ್ 15ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಟ್ಯಾಗ್ ಕೈಕೊಟ್ಟಾಗ ನಗದು ಕೊಟ್ಟರೆ ಎರಡರಷ್ಟು, ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು. ಸಾಮ್ರಾಜ್ಯಗಳು ಉರುಳಿದವು, ನಾಣ್ಯಗಳು ಸವೆದವು, ಒಂದೂಕಾಲು ಮಾತ್ರ ಒಂದೂಕಾಲಾಗಿಯೇ ನಿಂತಿದೆ. ಇದು ಕಾಕತಾಳೀಯ ಎಂದು ಸಾಧಿಸುವ ಹೊಣೆ ಎದುರು ಪಕ್ಷದ ಪಂಡಿತರದು.

ಆದರೆ ಎರಡು ಪಾಠಾಂತರಗಳನ್ನು ಗಮನಿಸದೆ ಮುಂದೆ ಹೋಗಲಾಗದು. ದಾರಿಸುಂಕ ತೆಗೆದುಕೊಂಡ ಅಂತಪಾಲ, ದಾರಿಯಲ್ಲಿ ಕಳೆದದ್ದನ್ನೂ ಕಳುವಾದದ್ದನ್ನೂ ತುಂಬಿಕೊಡಬೇಕು ಎಂದು ಕೌಟಿಲ್ಯ ಹೇಳುತ್ತಾನೆ. ಈ ವಾಕ್ಯವನ್ನು ಇಂದಿನ ಸಂಪಾದಕರು ಪ್ರಕ್ಷಿಪ್ತವೆಂದು ಕೈಬಿಟ್ಟಂತಿದೆ. ಎರಡನೆಯದು ವಿನಾಯಿತಿಯದು. ಮದುವೆ, ಹೆರಿಗೆ, ದೇವರ ಪೂಜೆ, ಚೌಲ, ಉಪನಯನ, ವ್ರತಗಳಿಗೆಂದು ಒಯ್ಯುವ ಸಾಮಾನಿಗೆ ಸುಂಕವಿಲ್ಲ ಎಂಬುದು ಅವನ ಶಾಸನ. ಬಾಡಿಗೆ ಕಾರುಗಳ ಡಿಕ್ಕಿ ತೆರೆದು ನೋಡಿದವರಿಗೆ ಗೊತ್ತು: ತೆಂಗಿನಕಾಯಿ ಚೀಲ, ಹೂವಿನ ಬುಟ್ಟಿ, ರೇಷ್ಮೆ ಸೀರೆಯ ಸೂಟ್‌ಕೇಸು, ಬೆಳ್ಳಿ ತಟ್ಟೆ ಸುತ್ತಿದ ಟವೆಲು. ಮೌರ್ಯರ ಕಾಲದಲ್ಲಿ ನಮ್ಮ ಶ್ರದ್ಧಾವಂತ ನಂಜನಗೂಡಿಗೆ ಪುಕ್ಕಟೆ ಹೋಗಿಬರುತ್ತಿದ್ದ. ಈಗ ಟೋಲ್ ಗೇಟಿನ ಪಕ್ಕದ ದೊಡ್ಡ ಬೋರ್ಡಿನಲ್ಲಿ ರಾಷ್ಟ್ರಪತಿಗಳಿಂದ ಶುರುವಾಗುವ ವಿನಾಯಿತಿಯ ಪಟ್ಟಿಯಿದೆ. ಅದರಲ್ಲಿ ಚೌಲವಿಲ್ಲ, ಉಪನಯನವಿಲ್ಲ, ಶವವಾಹನವಿದೆ. ಹದಿನಾರು ಸಂಸ್ಕಾರಗಳಲ್ಲಿ ಕಟ್ಟಕಡೆಯದಕ್ಕೆ ಮಾತ್ರ ಸರ್ಕಾರ ದಾರಿ ಬಿಟ್ಟಿದೆ.

ಟ್ಯಾಗಿನ ಸ್ವರೂಪ ವಿಚಾರ ಚಿಕ್ಕದು. ಅದು ಜಡ. ಒಳಗೆ ಬ್ಯಾಟರಿಯಿಲ್ಲ. ಗೇಟಿನ ಮೇಲಿನ ಆ್ಯಂಟೆನಾ ಬೀರುವ ರೇಡಿಯೋ ಅಲೆ ತಾಕಿದಾಗ ಅದರಿಂದಲೇ ಒಂದು ಕ್ಷಣ ಜೀವ ಪಡೆದು, ತನ್ನ ನಂಬರು ಹೇಳಿ, ಮತ್ತೆ ನಿದ್ರೆಗೆ ಜಾರುತ್ತದೆ. ಅದಕ್ಕೆ ತನ್ನ ಗಾಡಿಯ ಗುರುತು ಗೊತ್ತು, ಯಾರು ಓಡಿಸುತ್ತಿದ್ದಾರೆಂಬುದು ಗೊತ್ತಿಲ್ಲ. ನಮ್ಮೆಲ್ಲ ತೊಂದರೆಯ ಬೀಜ ಇಲ್ಲಿದೆ.

ಈ ಬೀಜದಿಂದ ಮೊಳೆತದ್ದು ಕರ್ಮಸಿದ್ಧಾಂತ. ಬಾಡಿಗೆ ಕಾರು ಜೀವಾತ್ಮನಂತಲ್ಲ, ಅದಕ್ಕೆ ತದ್ವಿರುದ್ಧ. ಅಲ್ಲಿ ಆತ್ಮ ದೇಹಗಳನ್ನು ಬದಲಿಸುತ್ತದೆ, ಇಲ್ಲಿ ದೇಹ ಆತ್ಮಗಳನ್ನು ಬದಲಿಸುತ್ತದೆ. ಶುಕ್ರವಾರ ಒಬ್ಬ, ಶನಿವಾರ ಇನ್ನೊಬ್ಬ. ಕರ್ಮದ ಖಾತೆ ಮಾತ್ರ ಒಂದೇ, ಅದು ವಾಲೆಟ್ಟು. ಹಿಂದಿನ ವಾರ ಯಾವನೋ ಪುಣ್ಯಾತ್ಮ ಹಂಪಿಗೆ ಹೊರಟವನು ಧಾರಾಳವಾಗಿ ರೀಚಾರ್ಜ್ ಮಾಡಿ, ಮುಗಿಸದೆ ಕಾರು ಒಪ್ಪಿಸಿ ಹೋಗಿದ್ದಾನೆ. ಈ ವಾರ ನೀವು ಅವನ ದುಡ್ಡಿನ ಮೇಲೆ ಕಣಿಮಿಣಿಕೆ ದಾಟುತ್ತೀರಿ. ಅಡ್ಡಗೋಲು ತಾನಾಗಿ ಮೇಲೇಳುತ್ತದೆ. ಯಾವ ಜನ್ಮದ ಪುಣ್ಯವೋ ಎನ್ನುತ್ತೀರಿ. ಇದು ಸಂಚಿತ. ಹಿಂದಿನವನು ಜುಗ್ಗನಾಗಿದ್ದು ಸೊನ್ನೆಗೆ ತಂದಿಟ್ಟಿದ್ದರೆ ಅದೂ ಸಂಚಿತವೇ. ಈ ಪ್ರಯಾಣದಲ್ಲಿ ಕಡಿತವಾಗಲೇಬೇಕಾದದ್ದು ಪ್ರಾರಬ್ಧ; ಅದನ್ನು ಅನುಭವಿಸಿಯೇ ತೀರಿಸಬೇಕು, ಕಸ್ಟಮರ್ ಕೇರ್ ಏನೂ ಮಾಡಲಾರದು. ಇನ್ನು ಆಗಾಮಿ. ಕಾರು ಒಪ್ಪಿಸಿ, ಕೀ ಕೊಟ್ಟು, ಆಟೋ ಹಿಡಿದು ಮನೆಗೆ ಬಂದು, ಕಾಲು ತೊಳೆದು ಕೂತ ಮೇಲೆ ತಡವಾಗಿ ಬಂದು ತಗಲಿಕೊಳ್ಳುವ ಟೋಲು ಅದು.

ಇಲ್ಲಿ ಚಾರ್ವಾಕರು ಎದ್ದು ನಿಲ್ಲುತ್ತಾರೆ. ಕಾರು ಒಪ್ಪಿಸಿದ ಮೇಲೆ ಟೋಲು ಎಲ್ಲಿಯದು, ಪರಲೋಕವನ್ನು ಕಂಡವರು ಯಾರು ಎನ್ನುತ್ತಾರೆ. ಈ ಮತ ಡಿಪಾಸಿಟ್ಟು ಎಂಬ ಒಂದೇ ಏಟಿಗೆ ಬಿದ್ದುಹೋಗುತ್ತದೆ.

ತಾರ್ಕಿಕರ ಆಕ್ಷೇಪ ಇದಕ್ಕಿಂತ ಚುರುಕು. ಬೇರೆಯವರ ಟ್ಯಾಗಿನ ಉಸಾಬರಿಯೇ ಬೇಡ; ತಮ್ಮನ ಕಾರಿನ ಟ್ಯಾಗ್ ಬಿಡಿಸಿ ತಂದು ಕೈಯಲ್ಲಿ ಹಿಡಿದು ತೋರಿಸಿದರಾಯಿತು ಎನ್ನುತ್ತಾರೆ. ಆಗದು. ಒಂದು ಗಾಡಿಗೆ ಒಂದೇ ಟ್ಯಾಗು, ಟ್ಯಾಗಿಗೆ ಅದೇ ಗಾಡಿ. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗುಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡಬೇಕೆಂದು 2025ರ ಜುಲೈನಲ್ಲಿ ಹೆದ್ದಾರಿ ಪ್ರಾಧಿಕಾರವೇ ಹೇಳಿದೆ. ಕೌಟಿಲ್ಯನ ಎಂಟರಷ್ಟನ್ನು ನೆನೆದರೆ ಇದು ದಯೆ. ಹಾಗಾದರೆ 2025ರ ಆಗಸ್ಟ್ 15ರಂದು ಬಂತಲ್ಲ, 3000 ರೂಪಾಯಿಗೆ 200 ಸಲ ದಾಟುವ ವಾರ್ಷಿಕ ಪಾಸು, ಅದಾದರೂ ಸಿಗದೆ? ಅದೂ ಇಲ್ಲ. ಪಾಸು ವೈಟ್ ಬೋರ್ಡಿನ ಖಾಸಗಿ ಕಾರಿಗೆ. ಸೆಲ್ಫ್ ಡ್ರೈವ್ ಕಾರಿನದು ಕಪ್ಪು ಪ್ಲೇಟು, ಹಳದಿ ಅಕ್ಷರ. ಒಳಗೆ ಕೂತವರು ಅದೇ ಅಪ್ಪ, ಅಮ್ಮ, ಮಕ್ಕಳು, ಚಕ್ಕುಲಿ ಡಬ್ಬಿ. ಆದರೂ ವರ್ಣವ್ಯವಸ್ಥೆ ಅಂದಮೇಲೆ ಕಟ್ಟುಪಾಡು ಇದ್ದದ್ದೇ.

ಸುಂಕವನ್ನೇ ತಪ್ಪಿಸುತ್ತೇವೆ, ಹಳ್ಳಿದಾರಿ ಹಿಡಿಯುತ್ತೇವೆ ಎನ್ನುವವರಿಗೆ ಘಟ್ಟಕುಟೀಪ್ರಭಾತ ನ್ಯಾಯವಿದೆ. ಸುಂಕಕ್ಕೆ ಹೆದರಿ ರಾತ್ರಿಯೆಲ್ಲ ಅಡ್ಡದಾರಿ ಸುತ್ತಿದ ವರ್ತಕನಿಗೆ ಬೆಳಗಾದದ್ದು ಸರಿಯಾಗಿ ಸುಂಕದ ಕಟ್ಟೆಯ ಮುಂದೆ. ಬಾಡಿಗೆ ಕಾರಿನಲ್ಲಿ ಬೆಳಗಾಗುವುದು ಬಿಲ್ಲಿನ ಮುಂದೆ: ಮಿತಿ ಮೀರಿದ ಪ್ರತಿ ಕಿಲೋಮೀಟರಿಗೂ ಇಂತಿಷ್ಟು ಎಂದು ಬರೆದಿರುತ್ತದೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಗೇಟು ಏಳಲಿಲ್ಲ. ಹುಡುಗ ಬೂತಿನಿಂದ ಕೈ ಬೀಸುತ್ತಾನೆ: ಹಿಂದೆ ಬನ್ನಿ, ಮುಂದೆ ಹೋಗಿ, ಇನ್ನೊಂಚೂರು ಹಿಂದೆ. ಇದು ಪ್ರೋಕ್ಷಣೆಗೆ ಮುಂಚಿನ ಅಂಗಕ್ರಿಯೆ. ಆಮೇಲೆ ಕೈಮಷಿನ್ ಹಿಡಿದು ಬಂದು, ಕನ್ನಡಿಯ ಹಿಂದುಗಡೆಯ ಗಾಜನ್ನು ಅಂಗಿಯ ತೋಳಿನಿಂದ ಒರೆಸಿ, ಹಳೆಯ ಪಾರ್ಕಿಂಗ್ ಸ್ಟಿಕ್ಕರಿನ ಗೋಂದು, ಅರ್ಧ ಹರಿದ ಗಣಪತಿ ಇವೆರಡರ ನಡುವೆ ಟ್ಯಾಗನ್ನು ಪತ್ತೆ ಮಾಡುತ್ತಾನೆ.

“ಸಾರ್, ಬ್ಯಾಲೆನ್ಸ್ ಇಲ್ಲ ಇದ್ರಲ್ಲಿ.”

“ಬೆಳಿಗ್ಗೆ ತಾನೆ ಐನೂರು ಹಾಕಿದೀನಲ್ಲಪ್ಪ. ನೋಡಿಲ್ಲಿ.”

ಹುಡುಗ ಫೋನು ನೋಡುತ್ತಾನೆ, ಗಾಡಿಯ ಮುಂದೆ ಹೋಗಿ ಪ್ಲೇಟು ನೋಡುತ್ತಾನೆ, ಮತ್ತೆ ಬರುತ್ತಾನೆ. “ಇದು ಕೊನೇಲಿ ಎಂಟು ಸಾರ್. ನೀವು ಮೂರಕ್ಕೆ ಹಾಕಿದೀರ.”

“ಯಾರ್ದೋ ಹೆಸರು ಬಂತು, ಓನರ್ ಇರ್ಬೇಕು ಅಂತ…”

“ಅದು ಬೇರೆ ಓನರ್ ಸಾರ್. ಕ್ಯಾಶ್ ಆದ್ರೆ ಡಬಲ್, ಸ್ಕ್ಯಾನ್ ಮಾಡಿದ್ರೆ ಒಂದೂಕಾಲು. ಬೇಗ ಹೇಳಿ, ಹಿಂದೆ ಲಾರಿ ಇದೆ.”

ಹಿಂದಿನ ಸೀಟಿನಿಂದ ಅಜ್ಜಿಯ ತೀರ್ಪು: “ಪಾಪ, ಬಿಸಿಲಲ್ಲಿ ನಿಂತಿದೆ ಮಗು. ಇಪ್ಪತ್ತು ರೂಪಾಯಿ ಕೈಲಿಟ್ಟು ನಡಿಯೋ ಅತ್ಲಾಗೆ.”

ಈ ಸಂವಾದದಲ್ಲಿ ಗಹನವಾದ ಪ್ರಮೇಯವಿದೆ. ಸ್ವಂತ ಕಾರಿನ ನಂಬರು ಮಕ್ಕಳ ಜನ್ಮನಕ್ಷತ್ರದಂತೆ ಬಾಯಿಗೆ ಬರುತ್ತದೆ. ಬಾಡಿಗೆ ಕಾರಿನದು ಇಳಿದು ನೋಡಿದರೆ ಮಾತ್ರ. ಆ್ಯಪಿನಲ್ಲಿ ಮಾಲೀಕನ ಹೆಸರು ಮೂಡುವುದು ತಪ್ಪಾಗದಿರಲೆಂದು. ಮಾಲೀಕ ಯಾರೆಂದೇ ಅರಿಯದವನಿಗೆ ಯಾವ ಹೆಸರು ಬಂದರೂ ಸರಿಯೇ. ಪ್ರಮಾಣವೇ ಭ್ರಮೆಗೆ ಕಾರಣವಾಗುವ ಇಂಥ ಉದಾಹರಣೆ ಖ್ಯಾತಿವಾದಗಳಲ್ಲೂ ಅಪರೂಪ. ಎಲ್ಲೋ ಒಂದು ಮೂರರ ಕಾರಿನವನು ಐನೂರು ರೂಪಾಯಿ ಬಂದದ್ದು ದೈವಕೃಪೆ ಎಂದುಕೊಂಡಿರುತ್ತಾನೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಈ ಬೆಳಕಿನಲ್ಲಿ ಮರುಪರಿಶೀಲಿಸಬೇಕಾಗಿದೆ. ಗಾದೆ ಕಟ್ಟಿದವರು ಸುಂಕದವನನ್ನು ಕಟುಕನೆಂದು ತಿಳಿದರು. ಆದರೆ ಅವನು ಎದುರಿಗೆ ನಿಂತಿರುತ್ತಿದ್ದ. ಕರಗದಿದ್ದರೂ ಕಿವಿಯಂತೂ ಇರುತ್ತಿತ್ತು. ಈಗ ಹೇಳಿಕೊಳ್ಳಬೇಕಾದದ್ದು ಟ್ಯಾಗ್ ಕೊಟ್ಟ ಬ್ಯಾಂಕಿಗೆ. ಬ್ಯಾಂಕು ರಿಜಿಸ್ಟರ್ಡ್ ಮೊಬೈಲಿನಿಂದ ಕರೆ ಮಾಡಿ ಎನ್ನುತ್ತದೆ. ಆ ಮೊಬೈಲು ಕಾರಿನ ಕಂಪನಿಯದು. ಕಂಪನಿ, ಬುಕಿಂಗ್ ನಂಬರಿನೊಡನೆ ಮೇಲ್ ಮಾಡಿ ಎನ್ನುತ್ತದೆ. ಗೇಟಿನ ಯಂತ್ರವೇ ಕೆಟ್ಟಿದ್ದು, ಟ್ಯಾಗ್ ಸರಿಯಿದ್ದು, ಸಾಕಷ್ಟು ದುಡ್ಡಿದ್ದರೆ ಏನೂ ಕೊಡದೆ ಸೊನ್ನೆ ರೂಪಾಯಿಯ ರಸೀದಿ ಪಡೆದು ಹೋಗಬಹುದೆಂಬ ನಿಯಮ 2018ರಿಂದಲೂ ಇದೆ. ಒಳ್ಳೆಯ ನಿಯಮ. ಸಾಕಷ್ಟು ದುಡ್ಡಿದೆ ಎಂದು ತೋರಿಸಬೇಕಾದ ಮೆಸೇಜು ಮಾತ್ರ ಆ ಹೊತ್ತಿಗೆ ಬೇರೆಲ್ಲೋ ಟಿಣ್ ಎಂದಿರುತ್ತದೆ. ಹಕ್ಕು ಓಡಿಸುವವನದು, ಸಾಕ್ಷಿ ಮಾಲೀಕನದು. ನಮ್ಮ ಸಿದ್ಧಾಂತಪಕ್ಷ ಇಷ್ಟೇ: ಬಾಡಿಗೆ ಕಾರಿನವನು ಟೋಲನ್ನು ಕಟ್ಟುವುದಿಲ್ಲ, ಅದು ಅವನಿಗೆ ಆಗುತ್ತದೆ.

ಪರದೇಶದಲ್ಲಿ ಮೋಕ್ಷವಿದೆಯೆಂದು ಕೆಲವರು ನಂಬಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರ ಮಾರ್ಚಿನಿಂದ ಸುಂಕದವರೇ ಇಲ್ಲ. ಕ್ಯಾಮೆರಾ ಪ್ಲೇಟಿನ ಫೋಟೋ ತೆಗೆಯುತ್ತದೆ, ಲೆಕ್ಕ ಬಾಡಿಗೆ ಕಂಪನಿಗೆ ಹೋಗುತ್ತದೆ, ಕಂಪನಿ ಅದನ್ನು ಕಟ್ಟಿ ನಿಮ್ಮ ಕಾರ್ಡಿನಿಂದ ತೆಗೆದುಕೊಳ್ಳುತ್ತದೆ. ಜೊತೆಗೆ ಕಟ್ಟಿಕೊಟ್ಟ ಉಪಕಾರಕ್ಕೆ ದಿನವೊಂದಕ್ಕೆ ಇಷ್ಟು ಡಾಲರು. ಉಪಕಾರದ ಬೆಲೆ ಟೋಲನ್ನು ಮೀರಿದಾಗ ಅಲ್ಲಿನ ಕನ್ನಡಿಗರೂ ಊಟದ ಸಾಲಿನಲ್ಲಿ ಇದೇ ಮೀಮಾಂಸೆ ಮಾಡುತ್ತಾರೆ, ಮೊಸರನ್ನ ಬರುವತನಕ.

ಪ್ರಯೋಗ ಭಾಗವನ್ನು ಗುರುಮುಖದಿಂದಲೇ ಕಲಿಯಬೇಕು. ಆದರೂ ಲೋಕೋಪಕಾರಕ್ಕಾಗಿ ಎರಡು ಮಾತು. ಕಾರು ಪಡೆಯುವಾಗ ಗೀರು, ತಗ್ಗುಗಳ ಫೋಟೋ ತೆಗೆದಂತೆ ಟ್ಯಾಗಿನದೂ ಪ್ಲೇಟಿನದೂ ಒಂದೊಂದು ಫೋಟೋ ಇರಲಿ. ಬ್ಯಾಲೆನ್ಸ್ ಎಷ್ಟಿದೆ, ಯಾವ ಬ್ಯಾಂಕಿನ ಟ್ಯಾಗು, ಯಾರ ಹೆಸರು ಎಂಬುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಒಪ್ಪಿಸುವಾಗ ಮತ್ತೆ ಕೇಳಿ. ಉಳಿದದ್ದನ್ನು ವಾಪಸು ಕೊಡಿ ಎಂದು ಕೇಳುವುದು ಶಾಸ್ತ್ರಸಮ್ಮತ. ಕೊಡುವುದು ಶಾಸ್ತ್ರದ ವ್ಯಾಪ್ತಿಗೆ ಹೊರಗಿನದು.

ಕಾರು ಪಡೆಯುವ ಮುನ್ನ ಒಮ್ಮೆ, ಒಪ್ಪಿಸಿದ ಮೇಲೆ ಒಮ್ಮೆ ಇದನ್ನು ಪಠಿಸುವವರ ಡಿಪಾಸಿಟ್ಟು ಏಳು ಕೆಲಸದ ದಿನಗಳೊಳಗೆ ಮರಳಿ ಖಾತೆ ಸೇರುತ್ತದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಲೆಕ್ಕಕ್ಕಿಲ್ಲ. ಟೋಲು, ದಂಡ, ಸೀಟಿನ ಮೇಲೆ ಬಿದ್ದ ಚಕ್ಕುಲಿ ಪುಡಿ ಗುಡಿಸಿದ ಖರ್ಚು ಕಳೆದು ಎಂದು ಬೇರೆ ಹೇಳಬೇಕಿಲ್ಲ.