ಒಂದೇ ಒಂದು ಕಡ್ಡಿ

“ಬ್ಯಾಂಕ್ ಮ್ಯಾನೇಜರ್ ಹೆಂಡತಿಗೆ ಹುಳ ಬಿದ್ದಿದೆ. ತಹಸೀಲ್ದಾರರನ್ನ ನಿನ್ನೆ ನೆರಳಿಗೆ ಎತ್ತಿಟ್ಟೆ, ಈಗ ಸ್ವಲ್ಪ ಚೇತರಿಸಿಕೊಂಡಿದಾರೆ. ಬೀಗಿತ್ತಿ ಮಾತ್ರ ಸೊಕ್ಕಿ ಹೋಗಿದಾಳೆ. ಇವತ್ತು ಸಂಜೆ ತಲೆ ಕತ್ತರಿಸಿ ಹಾಕೋದೇ.”

ಸಾಗರದಲ್ಲಿರುವ ನನ್ನ ಸೋದರತ್ತೆ ಫೋನಿನಲ್ಲಿ ಹೀಗೆ ಮಾತಾಡುತ್ತಿದ್ದಾಗ ಜಗಲಿಯಲ್ಲಿ ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದ ಹುಡುಗ ಚಿಲ್ಲರೆಗೂ ಕಾಯದೆ ಹೊರಟುಹೋದ. ಪಾಪ, ಅವನಿಗೇನು ಗೊತ್ತು? ಮ್ಯಾನೇಜರ್ ಹೆಂಡತಿ ಎಂದರೆ ಕೆಂಪು ಮುದ್ದೆ ದಾಸವಾಳ. ತಹಸೀಲ್ದಾರರು ಹಳದಿ ಚುಕ್ಕೆಯ ಕ್ರೋಟನ್. ಗೇಟಿನ ಮೇಲೆ ಹಬ್ಬಿ ಬಂದವರನ್ನೆಲ್ಲ ಪರಚುವ ಕಾಗದದ ಹೂವಿನ ಬಳ್ಳಿಯೇ ಬೀಗಿತ್ತಿ. ಅತ್ತೆಯ ತೋಟದಲ್ಲಿ ಗಿಡಕ್ಕೆ ಗಿಡದ ಹೆಸರಿಲ್ಲ, ಕಡ್ಡಿ ಬಂದ ಮನೆಯ ಹೆಸರು. ಆ ತಹಸೀಲ್ದಾರರು ಯಾವ ಕಾಲದಲ್ಲೋ ವರ್ಗವಾಗಿ ಹೋಗಿ, ನಿವೃತ್ತರೂ ಆಗಿದ್ದಾರೆ. ಆದರೆ ಅತ್ತೆಯ ಹಿತ್ತಲಿನಲ್ಲಿ ಅವರಿಗಿನ್ನೂ ವಾರಕ್ಕೊಮ್ಮೆ ಬೇವಿನ ಹಿಂಡಿ ಬೀಳುತ್ತದೆ.

ಇಂಥವರು ನಿಮ್ಮ ಬಳಗದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ನರ್ಸರಿಗೆ ಹೋಗಿ ಗಿಡ ಕೊಳ್ಳುವವರಲ್ಲ. ದುಡ್ಡು ಕೊಟ್ಟು ತಂದ ಗಿಡ ಅಂಗಡಿಯ ಹೋಳಿಗೆಯಿದ್ದಂತೆ ಎನ್ನುತ್ತಾರೆ ಅತ್ತೆ. ತಿನ್ನಬಹುದು, ಆದರೆ ಯಾರೂ ಬಡಿಸಲಿಲ್ಲವಲ್ಲ! ಮನಿಪ್ಲಾಂಟನ್ನು ಕದ್ದು ತಂದರೇ ಹಣ ಬರುತ್ತದೆ ಎಂದು ನಾಡಿನ ಅರ್ಧ ಜನ ನಂಬಿದ್ದಾರಷ್ಟೆ. ಅತ್ತೆ ಆ ನಂಬಿಕೆಯನ್ನು ಸಮಸ್ತ ಸಸ್ಯಕುಲಕ್ಕೂ ವಿಸ್ತರಿಸಿದ್ದಾರೆ. ಇದರಿಂದ ಹಣ ಬಂದದ್ದನ್ನು ನಾನು ನೋಡಿಲ್ಲ. ಗಿಡ ಮಾತ್ರ ಬಂದಿವೆ, ಕಾರ್ ಶೆಡ್ಡಿನಲ್ಲಿ ಕಾರಿಗೆ ಜಾಗವಿಲ್ಲದಷ್ಟು.

ಅವರ ಕೈಚೀಲದೊಳಗೆ ನಾನೊಮ್ಮೆ ಇಣುಕಿದ್ದೇನೆ. ಕುಂಕುಮದ ಡಬ್ಬಿಯ ಪಕ್ಕ ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು, ಒದ್ದೆ ಮಾಡಿ ಹಿಂಡಿದ ಹಳೇ ಪಂಚೆಯ ತುಂಡು, ನಾಲ್ಕು ರಬ್ಬರ್ ಬ್ಯಾಂಡು, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್. ಮದುವೆಗೂ ಇದೇ ಚೀಲ, ಮುಂಜಿಗೂ ಇದೇ. ಕಲ್ಯಾಣಮಂಟಪದಲ್ಲಿ ಎಲ್ಲರೂ ವಧೂವರರ ಮೇಲೆ ಅಕ್ಷತೆ ಎಸೆಯುವ ಹೊತ್ತಿಗೆ ಅತ್ತೆ ಬಾಗಿಲಲ್ಲಿ ಸಾಲಾಗಿ ಇಟ್ಟ ಬಾಡಿಗೆ ಕುಂಡಗಳ ಹತ್ತಿರ ನಿಂತಿರುತ್ತಾರೆ. ಗಟ್ಟಿಮೇಳ ಜೋರಾಗುತ್ತಿದ್ದಂತೆ “ಟಕ್” ಎಂದದ್ದು ಯಾರಿಗೂ ಕೇಳಿಸುವುದಿಲ್ಲ.

ಎಲ್ಲ ಕಡೆ ಹೀಗೆ ಕದಿಯುತ್ತಾರೆಂದುಕೊಳ್ಳಬೇಡಿ. ಮನೆಯವರ ಎದುರಿಗೆ ಅವರದು ಬೇರೆಯೇ ಶೈಲಿ. ಮೊದಲು ಗಿಡವನ್ನು ದಿಟ್ಟಿಸಿ ಒಂದು ನಿಟ್ಟುಸಿರು. “ಚೆನ್ನಾಗಿದೆ, ಆದರೆ ಬರೀ ಎತ್ತರ ಹೋಗ್ತಿದೆ ಅಲ್ವಾ?” ಮನೆಯಾಕೆಗೆ ಆತಂಕ ಶುರು. “ತುದಿ ಚಿವುಟಬೇಕು ಮಾರಾಯ್ತಿ, ಆಗ ಪಕ್ಕದಲ್ಲಿ ಟಿಸಿಲು ಒಡೆದು ಬುಟ್ಟಿ ಹಾಗೆ ಆಗ್ತದೆ. ತಡಿ, ನಾನೇ ಚಿವುಟಿ ಕೊಡ್ತೇನೆ.” ಇದು ಸುಳ್ಳಲ್ಲ, ತುದಿ ತೆಗೆದರೆ ಗಿಡ ಅಗಲವಾಗುವುದು ನಿಜ. ಆದರೆ ಚಿವುಟಬೇಕಾದ್ದು ಬೆರಳಗಲದ ಕುಡಿ. ಅತ್ತೆ ಚಿವುಟುವುದು ಪೆನ್ಸಿಲ್ ದಪ್ಪದ, ನಾಲ್ಕು ಗೆಣ್ಣಿರುವ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದ ಗೇಣುದ್ದದ ಕಡ್ಡಿ! ಕೊನೆಗೆ ಆ ಮನೆಯಾಕೆಯೇ ಉಪಕಾರ ಸ್ಮರಿಸಿ ಕುಂಕುಮ ಕೊಟ್ಟು ಕಳಿಸುತ್ತಾಳೆ.

ರೋಗಿಯನ್ನು ನೋಡಲು ಹೋದರೂ ಅಷ್ಟೆ. ಆಪರೇಷನ್ ಆಗಿ ಮಲಗಿದ್ದ ನಮ್ಮ ದೊಡ್ಡಪ್ಪನ ಮಂಚದ ಪಕ್ಕ ಕೂತು, “ಹೇಗಿದೆ? ಬಾಡಿದ ಹಾಗೆ ಕಾಣ್ತದಲ್ಲ” ಎಂದು ಅತ್ತೆ ಕನಿಕರದಿಂದ ಕೇಳಿದರು. ದೊಡ್ಡಪ್ಪನಿಗೆ ಕಣ್ಣು ತುಂಬಿ ಬಂತು. ಅತ್ತೆ ನೋಡುತ್ತಿದ್ದದ್ದು ಕಿಟಕಿಯಾಚೆಯ ಅಬ್ಬಲಿಗೆಯನ್ನು. ಸಾವಿನ ಮನೆಯ ವಿಷಯದಲ್ಲಿ ಮಾತ್ರ ಅವರಿಗೊಂದು ನಿಯಮವಿದೆ: ಸೂತಕದಲ್ಲಿ ಕಡ್ಡಿ ಮುರಿಯಬಾರದು. ಹದಿಮೂರನೆಯ ದಿನ ಊಟಕ್ಕೆ ಹೋದಾಗ ತರುತ್ತಾರೆ.

ಅವರ ಬದುಕಿನಲ್ಲಿ ಒಂದೇ ಒಂದು ಆಳವಾದ ಗಾಯವಿದೆ. ಅದು ಡೇರೆ ಗಡ್ಡೆಯದು.

ಮಲೆನಾಡಿನವರಿಗೆ ಡೇರೆ ಹೂವಿನ ಬಗ್ಗೆ ಹೇಳಬೇಕಾಗಿಲ್ಲ. ಮುಂಗಾರಿಗೆ ಮುಂಚೆ ಗಡ್ಡೆ ಊರಿ, ಮಳೆಯಲ್ಲಿ ಕೊಳೆಯದಂತೆ ಏರು ಮಾಡಿ, ಕೋಲು ಕೊಟ್ಟು ಕಟ್ಟಿ, ಚೌತಿಯ ಹೊತ್ತಿಗೆ ಊಟದ ತಟ್ಟೆಯಗಲ ಹೂ ಬಿಡಿಸಿದ ಹೆಂಗಸಿನ ನಡಿಗೆಯೇ ಬೇರೆ. ಮೂವತ್ತು ವರ್ಷದ ಹಿಂದೆ ಅತ್ತೆಯ ಓರಗಿತ್ತಿಯ ಅಂಗಳದಲ್ಲಿ ನೇರಳೆ ದಳಕ್ಕೆ ಬಿಳಿ ಅಂಚಿನ ಡೇರೆಯೊಂದು ಬಿಟ್ಟಿತ್ತು. ಅತ್ತೆ ಮೂರು ವರ್ಷ ಕೇಳಿದರು. ನಾಲ್ಕನೆಯ ವರ್ಷ ಓರಗಿತ್ತಿ ನಗುನಗುತ್ತ, ನಾಲ್ಕು ಜನರ ಎದುರಿಗೆ, ಗೆಣಸಿನಷ್ಟು ದಪ್ಪದ ಗಡ್ಡೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ಅತ್ತೆ ನೆಟ್ಟರು. ಮಳೆ ಬಂತು, ಹೋಯಿತು. ದೀಪಾವಳಿಗೆ ಅಗೆದು ನೋಡಿದರೆ ಗಡ್ಡೆ ಹಾಗೇ ಇದೆ, ಮೊಳಕೆಯಿಲ್ಲ. ಡೇರೆಯ ಕಣ್ಣಿರುವುದು ಗಡ್ಡೆಯಲ್ಲಲ್ಲ, ಅದು ಹಳೇ ಕಾಂಡಕ್ಕೆ ಸೇರುವ ಕುತ್ತಿಗೆಯಲ್ಲಿ. ಕುತ್ತಿಗೆ ಮುರಿದು ಕೊಟ್ಟರೆ ಗಡ್ಡೆ ಎಷ್ಟೇ ದಪ್ಪವಿರಲಿ, ಕುರುಡು.

“ಕೊಟ್ಟೆ ಅನ್ನಿಸಿಕೊಂಡಳು, ಕೊಡಲಿಲ್ಲ” ಎನ್ನುತ್ತಾರೆ ಅತ್ತೆ ಇಂದಿಗೂ. ಮುಂದೆ ಆಸ್ತಿ ಪಾಲಾದಾಗ ಅದೇ ಓರಗಿತ್ತಿಯ ಕಡೆಗೆ ಒಂದೆಕರೆ ಅಡಿಕೆ ತೋಟ ಹೆಚ್ಚಿಗೆ ಹೋಯಿತಂತೆ. ಅದನ್ನು ಅತ್ತೆ ಎಂದೋ ಮರೆತಿದ್ದಾರೆ.

ಡೇರೆಯ ಮೂಲ ಮೆಕ್ಸಿಕೋ ದೇಶ ಎಂದು ನಾನೊಮ್ಮೆ ಜಾಣತನ ತೋರಿಸಲು ಹೋದೆ. ಅತ್ತೆ ಮೊರದಲ್ಲಿ ಅಕ್ಕಿ ಕೇರುವುದನ್ನು ನಿಲ್ಲಿಸಿ ಯೋಚಿಸಿದರು. “ಹಾಗಾದರೆ ಅಲ್ಲಿಯ ಹೆಂಗಸರು ಒಳ್ಳೆಯವರು. ಕಣ್ಣಿರೋ ಗಡ್ಡೆ ಕೊಟ್ಟಿದಾರೆ.”

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೂ ಒಂದು ಆಗಸ್ಟಿನಲ್ಲಿ ಕರೆದುಕೊಂಡು ಹೋಗಿದ್ದೆ. 1889ರ ಗಾಜಿನ ಮನೆ, ಅದರೊಳಗೆ ಹೂವಿನಿಂದಲೇ ಕಟ್ಟಿದ ಗುಡಿಗೋಪುರ, ಸುತ್ತ ಸೆಲ್ಫಿ ತೆಗೆಯುವ ಜನಸಾಗರ. ಅತ್ತೆ ಅದರ ಕಡೆ ಅರ್ಧ ಕಣ್ಣನ್ನೂ ಹಾಯಿಸಲಿಲ್ಲ. “ಕಿತ್ತ ಹೂ ನೋಡೋಕೆ ಇಲ್ಲಿವರೆಗೆ ಬರಬೇಕಾ?” ಎಂದು, ಹಿಂದಿನ ಪಾತಿಗಳ ಕಡೆ ನಡೆದರು. ಇಡೀ ದಿನ ನಾನು ಅವರ ಬಲಗೈ ಹಿಡಿದುಕೊಂಡೇ ತಿರುಗಿದೆ; ನೋಡಿದವರು ಎಂಥ ಮಮತೆಯ ಅಳಿಯ ಎಂದುಕೊಂಡಿರಬೇಕು. ಇದು ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಅವನೂ ಟಿಪ್ಪುವೂ ದೂರದೂರದ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ್ದು ಎಂದು ವಿವರಿಸಿದೆ. ಅತ್ತೆ ಕೈ ಕೊಸರಿಕೊಂಡು, “ನೋಡು! ಅವರು ತರಿಸಿದರೆ ಚರಿತ್ರೆ, ನಾನು ಒಂದು ಕಡ್ಡಿ ಮುಟ್ಟಿದರೆ ನೀನು ಕೈ ಹಿಡೀತೀಯ” ಎಂದರು.

ಮಾವನ ವಿಷಯ ಹೇಳಲೇಬೇಕು. ರಿಟೈರಾದ ಮೇಲೆ ಅವರು ತಮ್ಮ ವಸ್ತುಗಳನ್ನು ಒಂದೊಂದಾಗಿ ತೋಟಕ್ಕೆ ಸಲ್ಲಿಸುತ್ತ ಬಂದಿದ್ದಾರೆ. ಅವರ ಹೆಲ್ಮೆಟ್ಟಿನಲ್ಲಿ ಟೇಬಲ್ ರೋಸ್ ಬೆಳೆದಿದೆ. ಶೇವಿಂಗ್ ಮಗ್ಗಿನಲ್ಲಿ ಪುದೀನ. ಸ್ನಾನದ ಬಕೆಟ್ಟಿಗೆ ಸಣ್ಣದೊಂದು ಸೀಳು ಬಿಟ್ಟಿದ್ದೇ ತಡ, ಮರುದಿನ ಅದರಲ್ಲಿ ಕರಿಬೇವು. ಆ ಕರಿಬೇವಿಗೆ ಪ್ರತಿ ಶನಿವಾರ ಹುಳಿ ಮಜ್ಜಿಗೆಯ ನೈವೇದ್ಯವಾಗುತ್ತದೆ. ಅಂದು ಊಟದಲ್ಲಿ ಮಾವನಿಗೆ ಮಜ್ಜಿಗೆ ಇರುವುದಿಲ್ಲ. ಶುದ್ಧ ಮಡಿಯ ಮನೆ ನೋಡಿ, ಗುಲಾಬಿಗೆ ಮೊಟ್ಟೆ ಚಿಪ್ಪು ಹಾಕಬೇಕೆಂದು ಎಲ್ಲೋ ಕೇಳಿದ ಮೇಲೆ ಅತ್ತೆಗೆ ಆರು ತಿಂಗಳು ಧರ್ಮಸಂಕಟವಾಯಿತು. ಈಗ ಹಿಂದಿನ ಬೀದಿಯ ಮನೆಯಾಕೆ ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಬೇಲಿಯಾಚೆಯಿಂದ ಪೊಟ್ಟಣ ದಾಟಿಸುತ್ತಾರೆ, ಈಚೆಯಿಂದ ದೊಡ್ಡಪತ್ರೆಯ ಕಟ್ಟು ಹೋಗುತ್ತದೆ. “ಮನುಷ್ಯರಿಗೆ ಮಡಿ, ಗಿಡಕ್ಕೆಂತ ಮಡಿ?” ಎಂಬುದು ಅತ್ತೆಯ ಸಿದ್ಧಾಂತ. ಮಾವ ಎಲ್ಲವನ್ನೂ ಬಲ್ಲರು. ಕೇಳಿದರೆ, ತಮಗೆ ಸಂಜೆ ಹೊತ್ತು ಕಣ್ಣು ಕಾಣುವುದಿಲ್ಲ ಎನ್ನುತ್ತಾರೆ.

ಇಷ್ಟಾಗಿ ಅತ್ತೆ ಜಿಪುಣರಲ್ಲ. ಅವರ ಮನೆಗೆ ಹೋಗಿ ಕೆಮ್ಮಬಾರದು, ಕೆಮ್ಮಿದರೆ ದೊಡ್ಡಪತ್ರೆ ರಸ. ನೆನಪಾಗದೆ ಯಾರದೋ ಹೆಸರಿಗೆ ತಡವರಿಸಿದರೆ ಒಂದೆಲಗದ ತಂಬುಳಿ. ಹೊರಡುವಾಗ ಡಿಕ್ಕಿ ತೆಗೆಸಿ, ಚಕ್ರಮುನಿ, ಬಸಳೆ, ಅಮೃತಬಳ್ಳಿ ಎಂದು ಒಂದು ಕಾಡನ್ನೇ ತುಂಬಿಸುತ್ತಾರೆ. ಬೆಂಗಳೂರಿನ ಬಾಲ್ಕನಿಯಲ್ಲಿ ಅವು ಸತ್ತ ಸುದ್ದಿಯನ್ನು ಅವರಿಂದ ಮುಚ್ಚಿಡುವುದು ನಮ್ಮ ಸಂಸಾರದ ಒಗ್ಗಟ್ಟಿನ ಗುಟ್ಟು.

ಹೋದ ಮಳೆಗಾಲದಲ್ಲಿ ನಾನು ಅಲ್ಲಿದ್ದಾಗಲೇ ಅವರ ಬ್ರಹ್ಮಕಮಲ ಹೂ ಬಿಟ್ಟಿತು. ಒಂದಲ್ಲ, ಹದಿನಾಲ್ಕು ಮೊಗ್ಗು. ರಾತ್ರಿ ಒಂಬತ್ತಕ್ಕೆ ಬೀದಿಯ ಹನ್ನೊಂದು ಮನೆಗೂ ಫೋನ್ ಹೋಯಿತು. ಜನ ಕೊಡೆ ಹಿಡಿದು, ಮಕ್ಕಳನ್ನು ಎತ್ತಿಕೊಂಡು ಬಂದರು. ಜಗಲಿಯಲ್ಲಿ ಕಾಫಿ, ಅವಲಕ್ಕಿ. ಯಾರೋ ಊದುಬತ್ತಿ ಹಚ್ಚಿದರು, ಇನ್ಯಾರೋ ಕೈಮುಗಿದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ? ನಿಜವಾದ ಬ್ರಹ್ಮಕಮಲ ಹಿಮಾಲಯದ್ದು, ಇದು ಪಾಪಸುಕಳ್ಳಿಯ ಜಾತಿ, ಇದೂ ಮೆಕ್ಸಿಕೋ ಕಡೆಯದೇ, ಎಲೆಯಂತೆ ಕಾಣುವ ಇದು ಎಲೆಯೂ ಅಲ್ಲ, ಚಪ್ಪಟೆ ಕಾಂಡ ಎಂದೆ. ಕೈಮುಗಿದಿದ್ದವರು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. ಅತ್ತೆ, “ಯಾಕೆ, ಮೆಕ್ಸಿಕೋದಲ್ಲಿ ಬ್ರಹ್ಮ ಇಲ್ವಾ?” ಎಂದು ಕೇಳಿ ಇನ್ನೊಂದು ಲೋಟ ಕಾಫಿ ಕೈಗಿಟ್ಟರು. ಬಾಯಿ ಮುಚ್ಚಲಿ ಎಂದಿರಬೇಕು.

ಹನ್ನೆರಡಕ್ಕೆ ಹೂವೆಲ್ಲ ಪೂರ್ತಿ ಅರಳಿ, ಕರೆಂಟು ಹೋಗಿ, ಜನ ಮನೆ ಸೇರಿದರು. ಬೆಳಿಗ್ಗೆ ಎದ್ದಾಗ ಹೂಗಳು ಒದ್ದೆ ಬಟ್ಟೆಯಂತೆ ಜೋತಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

“ಮೂರು ಎಲೆ ಹೋಗಿದೆ” ಎಂದರು.

ಇನ್ನೇನು ಬೀದಿಗೆ ಬೀದಿಯೇ ನಡುಗುತ್ತದೆ ಎಂದುಕೊಂಡೆ. ಅತ್ತೆ ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. “ನೋಡು ಮಾಣಿ, ಉಗುರಲ್ಲಿ ಹರಿದಿದಾರೆ. ಬರೋವಾಗ ಒಂದು ಬ್ಲೇಡ್ ತರೋಕಾಗಲ್ವಾ? ಇಷ್ಟು ಅವಸರದವರು ಹಸಿ ಗಾಯದಲ್ಲೇ ಮಣ್ಣಿಗೆ ಊರಿ ಒಂದು ತಂಬಿಗೆ ನೀರು ಸುರಿದಿರ್ತಾರೆ. ಕೊಳೆತೇ ಹೋಗ್ತದೆ.” ಸೀರೆ ಕೊಡವಿಕೊಂಡು ಎದ್ದರು. “ಹೋಗಿ ಹೇಳಿ ಬಾ. ಮೂರು ದಿನ ನೆರಳಲ್ಲಿ ಒಣಗಿಸಿ ಗಾಯ ಮಾಗಿದ ಮೇಲೆ ನೆಡಬೇಕು, ಮರಳು ಜಾಸ್ತಿ ಹಾಕಬೇಕು, ನೀರು ಕಮ್ಮಿ.”

“ಯಾರ ಮನೆಗೆ ಹೇಳಬೇಕು?”

“ನಂಗೇನು ಗೊತ್ತು? ಅದಕ್ಕೇ ಎಲ್ಲರ ಮನೆಗೂ ಹೇಳು.”

ಜಿಟಿಜಿಟಿ ಮಳೆಯಲ್ಲಿ ಹೊರಟೆ. ಮೊದಲ ಎರಡು ಮನೆಯವರು ನನ್ನ ಆರೋಗ್ಯ ವಿಚಾರಿಸಿದರು. ಮೂರನೆಯ ಮನೆಯ ನಿವೃತ್ತ ಮೇಷ್ಟ್ರು, “ನಮ್ಮ ಮೇಲೆ ಅನುಮಾನವೋ?” ಎಂದು ಬಾಗಿಲು ಹಾಕಿಕೊಂಡರು. ಏಳನೆಯ ಮನೆಯಲ್ಲಿ ನಲ್ಲಿಯ ಕೆಳಗೆ ಕೈಯ ಮಣ್ಣು ತೊಳೆಯುತ್ತಿದ್ದ ಹೆಂಗಸು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಒಮ್ಮೆ ಒಳಗೆ, ಒಮ್ಮೆ ಬೀದಿಯ ಕಡೆ ನೋಡಿ ದನಿ ತಗ್ಗಿಸಿದರು.

“ರಾತ್ರಿಯೇ ನೆಟ್ಟಾಯ್ತಲ್ಲ. ಈಗ ಕಿತ್ತು ಒಣಗಿಸಿದರೆ ಆಗ್ತದಾ, ಒಂಚೂರು ನಿಮ್ಮ ಅತ್ತೆ ಹತ್ರ ಕೇಳಿ ಹೇಳ್ತೀರಾ?”